ಮೊದಲು ಸಹಿ ಯಾರದ್ದು ಅಂತ ನೋಡಿ: ಅಮೆರಿಕದಲ್ಲಿರುವ ನಮ್ಮವರಿಗೆ

ನಾನು ವಕೀಲೆ ಅಲ್ಲ. ನ್ಯೂಜೆರ್ಸಿಯಲ್ಲಿ ಒಬ್ಬ ಇಮಿಗ್ರೇಷನ್ ವಕೀಲರ ಆಫೀಸಿನಲ್ಲಿ ಫೈಲು ಜೋಡಿಸುವ, ಫಾರ್ಮು ತುಂಬುವ ಕೆಲಸ ನನ್ನದು. ಊರು ಸಾಗರ. ಕನ್ನಡ ಕೂಟದ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದರೂ ಯಾರಾದರೂ ಪಕ್ಕಕ್ಕೆ ಬಂದು "ಅಕ್ಕಾ, ಒಂದ್ನಿಮಿಷ" ಅಂತ ಶುರು ಮಾಡುತ್ತಾರೆ. ಮೊದಲೆಲ್ಲ ಗ್ರೀನ್ ಕಾರ್ಡ್ ಯಾವಾಗ ಬರುತ್ತದೆ ಅಂತ ಕೇಳುತ್ತಿದ್ದರು. 2025ರ ಜನವರಿ 20ರಂದು ಟ್ರಂಪ್ ಮತ್ತೆ ಅಧ್ಯಕ್ಷರಾದ ನಂತರ ಪ್ರಶ್ನೆಗಳೇ ಬೇರೆ ಆಗಿವೆ. ಬಾಗಿಲು ತಟ್ಟಿದರೆ ಏನು ಮಾಡಬೇಕು? ಏರ್‌ಪೋರ್ಟಿನಲ್ಲಿ ಫೋನ್ ಕೇಳಿದರೆ ಕೊಡಬೇಕಾ? ಬಾಣಂತನಕ್ಕೆ ಅಮ್ಮನ್ನ ಕರೆಸಬಹುದಾ?

ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವುದರ ಬದಲು ಒಂದೇ ಕಡೆ ಬರೆದಿಡೋಣ ಅನ್ನಿಸಿತು. ನಿಮ್ಮ ಸ್ವಂತ ಕೇಸಿಗೆ ವಕೀಲರನ್ನೇ ಕೇಳಿ, ಅದರಲ್ಲಿ ಎರಡು ಮಾತಿಲ್ಲ. ನಾನು ಹೇಳುವುದು ಅದಕ್ಕಿಂತ ಮೊದಲು ಮಾಡಿಕೊಳ್ಳಬೇಕಾದ ಒಂದು ಅಭ್ಯಾಸ. ಟಿವಿಯಲ್ಲಿ ಸುದ್ದಿ ಬರಲಿ, ಕೈಗೆ ಕಾಗದ ಬರಲಿ, ಮೊದಲು ಸಹಿ ಯಾರದ್ದು ಅಂತ ನೋಡಿ. ಅಧ್ಯಕ್ಷರದ್ದಾ, ಮಂತ್ರಿಯದ್ದಾ, ಒಬ್ಬ ಆಫೀಸರದ್ದಾ, ಜಡ್ಜ್ ಅವರದ್ದಾ? ಆಮೇಲೆ ಯಾವ ಕಾನೂನಿನ ಹೆಸರು ಹೇಳಿದ್ದಾರೆ ನೋಡಿ. ಹೆದರಬೇಕಾ, ಓಡಬೇಕಾ, ಸುಮ್ನೆ ಇರಬೇಕಾ ಅನ್ನುವುದು ಅದರ ಮೇಲೆ ನಿಂತಿದೆ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಈ ಸರ್ಕಾರ ದೇಶದೊಳಗಿನ ಪೊಲೀಸ್ ಕೆಲಸಕ್ಕೆ ಯುದ್ಧದ ಕಾನೂನು ತರುತ್ತದೆ, ಹೊರದೇಶದ ಮೇಲಿನ ದಾಳಿಗೆ ಪೊಲೀಸ್ ಕಾಗದ ತೋರಿಸುತ್ತದೆ. 2025ರ ಮಾರ್ಚ್‌ನಲ್ಲಿ 1798ರ ಏಲಿಯನ್ ಎನಿಮೀಸ್ ಆ್ಯಕ್ಟ್ ಅನ್ನು, ಅಂದರೆ ಯುದ್ಧಕಾಲದಲ್ಲಿ ಶತ್ರುದೇಶದವರನ್ನು ಹಿಡಿದು ಹೊರಹಾಕುವ ಕಾನೂನನ್ನು, ಹೊರಗೆ ತೆಗೆದರು. ಅದಕ್ಕೆ ಮೊದಲು ಆ ಕಾನೂನು ಬಳಕೆಯಾಗಿದ್ದು ಮೂರೇ ಸಲ: 1812ರ ಯುದ್ಧ, ಮೊದಲ ಮಹಾಯುದ್ಧ, ಎರಡನೇ ಮಹಾಯುದ್ಧ. ಈ ಸಲ ಯುದ್ಧವೇ ಇಲ್ಲ. ಒಂದು ವೆನೆಜುವೆಲಾ ಗ್ಯಾಂಗ್ ದೇಶದ ಮೇಲೆ ದಂಡೆತ್ತಿ ಬಂದಿದೆ ಅಂತ ಅಧ್ಯಕ್ಷರು ಸಹಿ ಹಾಕಿದರು. 200ಕ್ಕೂ ಜಾಸ್ತಿ ಜನರನ್ನು ವಿಮಾನ ಹತ್ತಿಸಿ ಎಲ್ ಸಾಲ್ವಡಾರ್ ದೇಶದ ಜೈಲಿಗೆ ಕಳಿಸಿದರು. ವಿಮಾನ ವಾಪಸ್ ತಿರುಗಿಸಿ ಅಂತ ವಾಷಿಂಗ್ಟನ್ನಿನ ಜಡ್ಜ್ ಹೇಳಿದರೂ ವಿಮಾನ ತಿರುಗಲಿಲ್ಲ. ಅದೇ ದಿನ ಹೋದವರಲ್ಲಿ ಕಿಲ್ಮಾರ್ ಅಬ್ರೆಗೊ ಗಾರ್ಸಿಯಾ ಕೂಡ ಇದ್ದರು. ಇವರನ್ನು ಆ ದೇಶಕ್ಕೆ ಕಳಿಸಬಾರದು ಅಂತ 2019ರಲ್ಲೇ ಇಮಿಗ್ರೇಷನ್ ಜಡ್ಜ್ ಆದೇಶ ಕೊಟ್ಟಿದ್ದರು. ಕಳಿಸಿದ್ದು ತಪ್ಪಾಯಿತು ಅಂತ ಸರ್ಕಾರವೇ ಕೋರ್ಟಿನಲ್ಲಿ ಒಪ್ಪಿಕೊಂಡಿತು. ಸುಪ್ರೀಂ ಕೋರ್ಟ್ ಹೇಳಿದ ಮೇಲೂ ಅವರು ವಾಪಸ್ ಬಂದಿದ್ದು ಜೂನ್‌ನಲ್ಲಿ.

ಇನ್ನು ಹೊರಗಿನದು. 2026ರ ಜನವರಿ 3ರಂದು ಅಮೆರಿಕದ ಸೇನೆ ಕರಾಕಸ್‌ಗೆ ನುಗ್ಗಿ ವೆನೆಜುವೆಲಾದ ಅಧ್ಯಕ್ಷ ನಿಕೊಲಾಸ್ ಮದುರೊ ಅವರನ್ನು ಹಿಡಿದು ನ್ಯೂಯಾರ್ಕಿಗೆ ತಂದಿತು. ಇನ್ನೊಂದು ದೇಶದ ರಾಜಧಾನಿಯ ಮೇಲೆ ಬಾಂಬ್ ಹಾಕಿದ್ದಕ್ಕೆ ಕೊಟ್ಟ ಕಾರಣ ಏನು ಗೊತ್ತಾ? ಡ್ರಗ್ಸ್ ಕೇಸಿನ ಆರೋಪಿಯನ್ನು ಕೋರ್ಟಿಗೆ ತಂದಿದ್ದೇವೆ, ಅಷ್ಟೇ. ಇದೇನು ಹೊಸದಲ್ಲ. 1989ರ ಡಿಸೆಂಬರ್‌ನಲ್ಲಿ ಪನಾಮಾಕ್ಕೆ ಸೈನ್ಯ ನುಗ್ಗಿಸಿ, 1990ರ ಜನವರಿ 3ರಂದು ಅಲ್ಲಿ ಆಳುತ್ತಿದ್ದ ಮ್ಯಾನುಯಲ್ ನೊರಿಯೇಗಾ ಅವರನ್ನು ಹಿಡಿದು ಮಯಾಮಿ ಕೋರ್ಟಿಗೆ ನಿಲ್ಲಿಸಿದ್ದರು. ತಾರೀಕು ಕೂಡ ಅದೇ ನೋಡಿ.

ಇದಕ್ಕೂ ನಮ್ಮ ಎಚ್-1ಬಿ ಕೆಲಸದ ವೀಸಾಕ್ಕೂ ಏನು ಸಂಬಂಧ ಅಂತೀರಾ? ಸಹಿ ಹಾಕುವ ಕೈ ಒಂದೇ. ಮೊದಲು ಮಾಡಿಬಿಡುವುದು, ಕಾನೂನು ಸರಿಯಾ ತಪ್ಪಾ ಅನ್ನುವುದನ್ನು ಕೋರ್ಟು ಆಮೇಲೆ ನೋಡಿಕೊಳ್ಳಲಿ ಅನ್ನುವ ರೀತಿಯೂ ಒಂದೇ. ಆ ಮಧ್ಯದ ತಿಂಗಳುಗಳಲ್ಲಿ ಸಿಕ್ಕಿಹಾಕಿಕೊಳ್ಳುವುದು ನಾವು.

ಸೆಪ್ಟೆಂಬರ್ 19ರ ರಾತ್ರಿ

ಸುದ್ದಿ ಓದುವುದು ಹೇಗೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. 2025ರ ಸೆಪ್ಟೆಂಬರ್ 19, ಶುಕ್ರವಾರ. ಎಚ್-1ಬಿಗೆ 1,00,000 ಡಾಲರ್ ಶುಲ್ಕ ಅಂತ ಘೋಷಣೆ. ಭಾನುವಾರ ಬೆಳಗಿನ ಜಾವ 12:01ಕ್ಕೆ ಜಾರಿ. ವಾಣಿಜ್ಯ ಮಂತ್ರಿ ಕ್ಯಾಮೆರಾ ಮುಂದೆ ವರ್ಷಕ್ಕೊಮ್ಮೆ ಕಟ್ಟಬೇಕು ಅನ್ನುವ ಹಾಗೆ ಮಾತಾಡಿದರು. ದೊಡ್ಡ ಕಂಪನಿಗಳು ಹೊರದೇಶದಲ್ಲಿರುವ ತಮ್ಮ ಜನಕ್ಕೆ "ಭಾನುವಾರದ ಒಳಗೆ ವಾಪಸ್ ಬನ್ನಿ" ಅಂತ ಮೇಲ್ ಹಾಕಿದವು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹೊರಡಬೇಕಿದ್ದ ವಿಮಾನದಿಂದ ಜನ ಇಳಿದರು. ಪಿತೃಪಕ್ಷ ಮುಗಿಯುತ್ತಾ ಬಂದು ನವರಾತ್ರಿ ಹತ್ತಿರವಾಗಿತ್ತು, ಊರಿಗೆ ಹೋದವರು ಎಷ್ಟೋ ಜನ. ನನಗೆ ಪರಿಚಯದ ಹುಡುಗನೊಬ್ಬ ತಂಗಿಯ ನಿಶ್ಚಿತಾರ್ಥಕ್ಕೆ ಅಂತ ಹಾಸನಕ್ಕೆ ಹೋಗಿದ್ದ. ನಿಶ್ಚಿತಾರ್ಥದ ಹಿಂದಿನ ದಿನವೇ ದೇವನಹಳ್ಳಿಗೆ ಟ್ಯಾಕ್ಸಿ ಹಿಡಿದ. ಟಿಕೆಟ್ ದರ ಕೇಳಿದರೆ ನಿಮಗೆ ತಲೆ ತಿರುಗುತ್ತದೆ.

ಮಾರನೇ ದಿನ ಶ್ವೇತಭವನವೇ ಹೇಳಿತು: ಇದು ಒಂದೇ ಸಲದ ಶುಲ್ಕ, ಹೊಸ ಅರ್ಜಿಗೆ ಮಾತ್ರ, ಈಗಾಗಲೇ ವೀಸಾ ಇರುವವರು ಹೋಗಿ ಬರಬಹುದು.

ಹಾಗಾದರೆ ಆ ರಾತ್ರಿ ಏನು ಮಾಡಬೇಕಿತ್ತು? ಮಂತ್ರಿ ಹೇಳಿದ್ದನ್ನು ಪಕ್ಕಕ್ಕಿಟ್ಟು ಸಹಿಯಾದ ಕಾಗದವನ್ನು ಓದಬೇಕಿತ್ತು. ಶ್ವೇತಭವನದ ಜಾಲತಾಣದಲ್ಲಿ ಪೂರ್ತಿ ಪಠ್ಯ ಹಾಕುತ್ತಾರೆ, ಕೆಲವು ದಿನದಲ್ಲಿ ಫೆಡರಲ್ ರಿಜಿಸ್ಟರ್ ಅನ್ನುವ ಸರ್ಕಾರಿ ಗೆಜೆಟ್‌ನಲ್ಲೂ ಬರುತ್ತದೆ. ಉದ್ದ ಇರುವುದಿಲ್ಲ. ಮೊದಲಿನ ಪ್ಯಾರಾಗಳೆಲ್ಲ ಬರೀ ಬೈಗುಳ ಮತ್ತು ಪೀಠಿಕೆ, ದಾಟಿ ಹೋಗಿ. "ಸೆಕ್ಷನ್ 1" ಅಂತ ಬರುವಲ್ಲಿಂದ ಓದಿ. ಹುಡುಕಬೇಕಾದ್ದು ಇವು: ಯಾವ ಕಾನೂನಿನ ಅಧಿಕಾರ, ಯಾವ ದಿನದಿಂದ, ಯಾರಿಗೆ, ಎಷ್ಟು ಕಾಲ, ವಿನಾಯಿತಿ ಯಾರಿಗೆ. ಆ ಘೋಷಣೆಯಲ್ಲಿ 12 ತಿಂಗಳು ಅಂತ ಇತ್ತು. ಅಧಿಕಾರ ಅಂತ ತೋರಿಸಿದ್ದು ವಲಸೆ ಕಾಯಿದೆಯ 212(ಎಫ್). ಪರದೇಶದವರ ಪ್ರವೇಶವನ್ನು ಅಧ್ಯಕ್ಷರು ತಡೆಯಬಹುದು ಅನ್ನುವ ಕಲಮು ಅದು. 2018ರಲ್ಲಿ ಮುಸ್ಲಿಂ ದೇಶಗಳ ಪ್ರಯಾಣ ನಿಷೇಧವನ್ನು ಸುಪ್ರೀಂ ಕೋರ್ಟ್ 5-4ರಲ್ಲಿ ಎತ್ತಿಹಿಡಿದಿದ್ದು ಇದೇ ಕಲಮಿನ ಮೇಲೆ. ಅಂದರೆ 212(ಎಫ್) ಕಂಡರೆ ಹೊರಗಿರುವವರಿಗೆ ಅಪಾಯ ಜಾಸ್ತಿ, ಒಳಗಿರುವವರಿಗೆ ಕಡಿಮೆ. ಇಷ್ಟು ಗೊತ್ತಿದ್ದರೆ ಇಲ್ಲೇ ಇರುವವರು ಆ ರಾತ್ರಿ ನಿದ್ದೆ ಮಾಡಬಹುದಿತ್ತು. ಹೊರಗಿದ್ದವರಿಗೆ ಆ ಕಾಗದ ನಿಜವಾಗಿಯೂ ಗೊಂದಲವಾಗಿಯೇ ಇತ್ತು, ಅದನ್ನು ಒಪ್ಪುತ್ತೇನೆ. ಗೊಂದಲವಾಗಿ ಬರೆದಿದ್ದು ಅವಸರದಿಂದಲೋ, ಬೇಕಂತಲೇನೋ? ನನಗೆ ಎರಡನೆಯದರ ಮೇಲೇ ಅನುಮಾನ. ಜನ ಹೆದರಿ ತಾವಾಗೇ ಓಡಿದರೆ ಸರ್ಕಾರದ ಕೆಲಸ ಹಗುರ ಅಲ್ವಾ.

ಒಂದು ಕಹಿ ಮಾತು ಇಲ್ಲೇ ಹೇಳಿಬಿಡುತ್ತೇನೆ. 2025ರ ಫೆಬ್ರವರಿ 5ರಂದು ಅಮೆರಿಕದ ಮಿಲಿಟರಿ ವಿಮಾನ 104 ಭಾರತೀಯರನ್ನು ಅಮೃತಸರದಲ್ಲಿ ತಂದು ಇಳಿಸಿತು. ಕೈಗೆ ಕೋಳ, ಕಾಲಿಗೆ ಸರಪಳಿ. ಹೆಚ್ಚಿನವರು ಪಂಜಾಬ್, ಹರಿಯಾಣ, ಗುಜರಾತಿನವರು. ಮಾರನೇ ದಿನ ರಾಜ್ಯಸಭೆಯಲ್ಲಿ ವಿದೇಶಾಂಗ ಸಚಿವ ಜೈಶಂಕರ್ ಇದು ಹೊಸದೇನಲ್ಲ, ಕೋಳ ಹಾಕುವ ಪದ್ಧತಿ 2012ರಿಂದ ಇದೆ ಅಂದರು. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಆಗ ಏನು ಓಡಾಡಿತು ನನಗೆ ನೆನಪಿದೆ: "ಅವರು ಕಳ್ಳದಾರಿಯಲ್ಲಿ ಬಂದವರು. ನಾವು ಲೀಗಲ್." ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳಾ? ಏಪ್ರಿಲ್‌ನಲ್ಲಿ ಸಾವಿರಾರು ವಿದ್ಯಾರ್ಥಿಗಳ ದಾಖಲೆ ಕಂಪ್ಯೂಟರಿನಲ್ಲಿ ರದ್ದಾಯಿತು, ಕೋರ್ಟಿಗೆ ಹೋದ ಮೇಲೆ ವಾಪಸ್ ಬಂತು. ಆಗಸ್ಟ್‌ನಲ್ಲಿ ಭಾರತದ ಸರಕಿಗೆ 50% ಸುಂಕ. ಸೆಪ್ಟೆಂಬರ್‌ನಲ್ಲಿ ಎಚ್-1ಬಿ. ಲೀಗಲ್ ಅನ್ನುವ ಗೆರೆಯನ್ನು ಎಳೆಯುವುದು ನಾವಲ್ಲ, ಸಹಿ ಹಾಕುವವರು. ಇನ್ನೊಂದು, ಊರಲ್ಲಿ ಬುಲ್ಡೋಜರ್ ಮನೆ ಕೆಡವಿದಾಗ ಚಪ್ಪಾಳೆ ತಟ್ಟಿದ ಕೆಲವರೇ ಇಲ್ಲಿ ವಾರಂಟ್ ಇಲ್ಲದೆ ಹೇಗೆ ಬರುತ್ತಾರೆ ಅಂತ ನನ್ನನ್ನು ಕೇಳುತ್ತಾರೆ. ಅಧಿಕಾರಿಯೇ ಜಡ್ಜ್ ಆಗುವ ಹಾಗಿಲ್ಲ ಅಂತ ಭಾರತದ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದ್ದೂ ಇದನ್ನೇ.

ಬಾಗಿಲ ಹತ್ತಿರ

ವಲಸೆ ಪೊಲೀಸರು, ಎಲ್ಲರೂ ಐಸ್ ಅನ್ನುವ ಇಲಾಖೆಯವರು, ಬಾಗಿಲು ತಟ್ಟಿದರೆ ಏನು ಅನ್ನುವುದು. ಮೊದಲನೆಯದು, ಬಾಗಿಲು ತೆಗೆಯಬೇಡಿ. ನಮ್ಮವರಿಗೆ ಇದು ಕಷ್ಟ. ನಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಒಬ್ಬರು ಅತ್ತೆ ಇದ್ದಾರೆ, ದಾವಣಗೆರೆಯವರು. ಕೊರಿಯರ್ ಹುಡುಗ ಬಂದರೂ ಬಾಗಿಲು ಪೂರ್ತಿ ತೆಗೆದು "ಕಮ್ ಕಮ್, ಸಿಟ್" ಅಂತ ನೀರು ತರೋಕೆ ಒಳಗೆ ಹೋಗುತ್ತಾರೆ. ಒಳಗೆ ಬನ್ನಿ ಅಂದರೆ ಕಾನೂನಿನ ಲೆಕ್ಕದಲ್ಲಿ ಅದು ಒಪ್ಪಿಗೆ. ಒಪ್ಪಿಗೆ ಕೊಟ್ಟ ಮೇಲೆ ವಾರಂಟ್ ಪ್ರಶ್ನೆಯೇ ಬರುವುದಿಲ್ಲ. ಆದ್ದರಿಂದ ಮನೆಯಲ್ಲಿ ಹಗಲು ಇರುವವರು ಯಾರೋ ಅವರಿಗೆ ಮೊದಲು ಹೇಳಿಕೊಡಿ. ಸಾಫ್ಟ್‌ವೇರ್ ಮಗನಿಗೆ ಆಮೇಲೆ ಹೇಳಿದರೂ ನಡೆಯುತ್ತದೆ.

ಮುಚ್ಚಿದ ಬಾಗಿಲ ಹಿಂದಿನಿಂದಲೇ ಕೇಳಿ: ಯಾರು, ಯಾವ ಇಲಾಖೆ, ವಾರಂಟ್ ಇದೆಯಾ. ಇದೆ ಅಂದರೆ ಬಾಗಿಲ ಕೆಳಗಿನ ಸಂದಿಯಿಂದ ತಳ್ಳೋಕೆ ಹೇಳಿ, ಇಲ್ಲ ಕಿಟಕಿಗೆ ಹಿಡಿಯೋಕೆ ಹೇಳಿ. ಕಾಗದ ಕೈಗೆ ಬಂತಾ? ಈಗ ತಲೆಬರಹ ನೋಡಿ. ಮೇಲೆ "ಯುನೈಟೆಡ್ ಸ್ಟೇಟ್ಸ್ ಡಿಸ್ಟ್ರಿಕ್ಟ್ ಕೋರ್ಟ್" ಅಂತ ಇದ್ದು, ಕೆಳಗೆ ಜಡ್ಜ್ ಅಥವಾ ಮ್ಯಾಜಿಸ್ಟ್ರೇಟ್ ಜಡ್ಜ್ ಸಹಿ ಇದ್ದು, ನಿಮ್ಮದೇ ವಿಳಾಸ ಸರಿಯಾಗಿದ್ದು, ತಾರೀಕು ದಾಟಿರದಿದ್ದರೆ ಅದು ಕೋರ್ಟಿನ ವಾರಂಟ್. ಅದಕ್ಕೆ ಅಡ್ಡ ನಿಲ್ಲಬೇಡಿ. ಮೇಲೆ "ಡಿಪಾರ್ಟ್‌ಮೆಂಟ್ ಆಫ್ ಹೋಮ್‌ಲ್ಯಾಂಡ್ ಸೆಕ್ಯುರಿಟಿ" ಅಂತ ಇದ್ದು, ಮೂಲೆಯಲ್ಲಿ ಐ-200 ಅಥವಾ ಐ-205 ಅಂತ ಫಾರ್ಮ್ ನಂಬರ್ ಇದ್ದರೆ ಅದಕ್ಕೆ ಸಹಿ ಹಾಕಿದವರು ಅದೇ ಇಲಾಖೆಯ ಆಫೀಸರು. ಜಡ್ಜ್ ಅಲ್ಲ. ವಾರಂಟ್ ಅಂತ ದೊಡ್ಡ ಅಕ್ಷರದಲ್ಲಿ ಇದ್ದರೂ, ನಿಮ್ಮ ಒಪ್ಪಿಗೆ ಇಲ್ಲದೆ ಮನೆಯೊಳಗೆ ಬರೋಕೆ ಅದು ಸಾಲದು ಅನ್ನುವುದು ಬಹುಕಾಲದಿಂದ ನಡೆದು ಬಂದ ನಿಯಮ. ಸಂವಿಧಾನದ ನಾಲ್ಕನೇ ತಿದ್ದುಪಡಿಯಿಂದ ಬಂದಿದ್ದು ಇದು. ವೀಸಾ ಇರಲಿ ಇಲ್ಲದಿರಲಿ, ಎಲ್ಲರ ಮನೆಗೂ ಅನ್ವಯ.

ಬಹುಕಾಲದಿಂದ ಅಂತ ಯಾಕೆ ಹೇಳಿದೆ ಅಂದರೆ, ಐಸ್ ಒಳಗೊಳಗೇ 2025ರ ಮೇನಲ್ಲಿ ಒಂದು ಮೆಮೊ ಬರೆದುಕೊಂಡಿತ್ತು. ದೇಶ ಬಿಡಬೇಕು ಅನ್ನುವ ಅಂತಿಮ ಆದೇಶ ಆದವರ ಮನೆಗೆ ಐ-205 ಇಟ್ಟುಕೊಂಡೇ ಬಲವಂತವಾಗಿ ನುಗ್ಗಬಹುದು ಅಂತ. 2026ರ ಜನವರಿಯಲ್ಲಿ ಅದು ಹೊರಗೆ ಬಂತು. ಆದ್ದರಿಂದ ಬಾಗಿಲು ಮುರಿದೇ ಬಂದರೆ ಕೈಕೈ ಮಿಲಾಯಿಸಬೇಡಿ. "ಐ ಡು ನಾಟ್ ಕನ್ಸೆಂಟ್" ಅಂತ ಜೋರಾಗಿ, ಎರಡು ಸಲ ಹೇಳಿ. ಆಮೇಲೆ ಕೋರ್ಟಿನಲ್ಲಿ ಕೆಲಸಕ್ಕೆ ಬರುವುದು ಅದೇ ಮಾತು. ಹೆಸರು ಬಿಟ್ಟು ಮಿಕ್ಕ ಪ್ರಶ್ನೆಗೆ "ವಕೀಲರ ಜೊತೆ ಮಾತಾಡಬೇಕು" ಅನ್ನಿ. ಸುಳ್ಳು ಮಾತ್ರ ಹೇಳಬೇಡಿ. ಸುಮ್ಮನಿರುವುದು ಹಕ್ಕು. ಸುಳ್ಳು ಹೇಳಿದರೆ ಅದೇ ಇನ್ನೊಂದು ಕೇಸು.

ಕಾಗದ ತೋರಿಸದೆ "ಒಂದು ಹುಡುಗನ ಫೋಟೊ ತೋರಿಸಬೇಕು, ಎರಡು ನಿಮಿಷ" ಅಂತಲೂ ಬರುತ್ತಾರೆ. ಅದಕ್ಕೂ ಬಾಗಿಲು ಮುಚ್ಚಿಯೇ ಇರಲಿ.

ರಸ್ತೆಯಲ್ಲಿ

ಮನೆ ಬಿಟ್ಟು ಹೊರಗೆ ಬಂದರೆ ರಕ್ಷಣೆ ಕಡಿಮೆ. 18 ದಾಟಿದ, ಅಮೆರಿಕದ ನಾಗರಿಕರಲ್ಲದ ಎಲ್ಲರೂ ನೋಂದಣಿಯ ಪುರಾವೆಯನ್ನು ಸದಾ ಜೊತೆಗೆ ಇಟ್ಟುಕೊಳ್ಳಬೇಕು. ಕಾನೂನು ಹಳೆಯದು, 1952ರದ್ದು. ಯಾರೂ ಕೇಳುತ್ತಿರಲಿಲ್ಲ. 2025ರ ಏಪ್ರಿಲ್ 11ರಿಂದ ಕೇಳುತ್ತಿದ್ದಾರೆ. ಗ್ರೀನ್ ಕಾರ್ಡ್ ಇದ್ದವರು ಅಸಲು ಕಾರ್ಡನ್ನೇ ಪರ್ಸಿನಲ್ಲಿ ಇಡಿ. ಎಚ್-1ಬಿ, ಎಚ್-4 (ಎಚ್-1ಬಿಯವರ ಗಂಡ, ಹೆಂಡತಿ, ಮಕ್ಕಳು), ಎಫ್-1 (ವಿದ್ಯಾರ್ಥಿ) ವೀಸಾದವರು ಐ-94, ಅಂದರೆ ಎಷ್ಟು ದಿನ ಇರಬಹುದು ಅಂತ ತೋರಿಸುವ ಪ್ರವೇಶದ ದಾಖಲೆ, ಪ್ರಿಂಟ್ ತೆಗೆದು ಮಡಚಿ ಇಟ್ಟುಕೊಳ್ಳಿ. ಕೆಲಸದ ಪರವಾನಗಿ ಕಾರ್ಡ್ ಇದ್ದರೆ ಅದು. ಸಿಟಿಜನ್ ಆದವರಿಗೆ ಈ ಕಟ್ಟುಪಾಡು ಇಲ್ಲ. ಆದರೂ ನನ್ನ ಪರಿಚಯದ ಹಿರಿಯರೊಬ್ಬರು ಈಗ ವಾಕಿಂಗ್‌ಗೂ ಪಾಸ್‌ಪೋರ್ಟ್ ಕಾರ್ಡ್ ಹಿಡಿದೇ ಹೋಗುತ್ತಾರೆ. ಬೇಡ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಯಾಕೆ ಅಂದರೆ 2025ರ ಸೆಪ್ಟೆಂಬರ್ 8ರಂದು ಸುಪ್ರೀಂ ಕೋರ್ಟ್ ಲಾಸ್ ಏಂಜಲೀಸ್ ಕೇಸಿನಲ್ಲಿ ಕೆಳಗಿನ ಕೋರ್ಟಿನ ತಡೆಯನ್ನು ತೆಗೆದುಹಾಕಿತು. ಮೈಬಣ್ಣ, ಆಡುವ ಮಾತು, ನಿಂತ ಜಾಗ, ಮಾಡುವ ಕೆಲಸ, ಇಷ್ಟನ್ನೇ ನೋಡಿ ಜನರನ್ನು ನಿಲ್ಲಿಸಬಾರದು ಅಂತ ಇದ್ದ ತಡೆ ಅದು.

ಮಕ್ಕಳ ವಿಷಯದಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲದ ಒಂದು ಕೊಕ್ಕೆ ಇದೆ. ಎಚ್-4ನಲ್ಲಿ ಚಿಕ್ಕವರಿದ್ದಾಗ ಬಂದ ಮಕ್ಕಳು ಇಲ್ಲೇ 14 ತುಂಬಿದರೆ, ಹುಟ್ಟುಹಬ್ಬವಾದ 30 ದಿನದೊಳಗೆ ಮತ್ತೆ ನೋಂದಣಿ ಮಾಡಿಸಬೇಕು. ಆನ್‌ಲೈನ್ ಫಾರ್ಮ್ ಜಿ-325ಆರ್, ಆಮೇಲೆ ಬೆರಳಚ್ಚು. ಅಪ್ಪ ಅಮ್ಮನ ವೀಸಾ ಎಷ್ಟು ಸರಿ ಇದ್ದರೂ ಇದು ಬೇರೆ. ಮನೆ ಬದಲಾಯಿಸಿದರೆ 10 ದಿನದೊಳಗೆ ಎಆರ್-11 ತುಂಬುವುದೂ ಹಾಗೇ, ಸಣ್ಣದು ಅಂತ ಬಿಟ್ಟುಬಿಡುತ್ತಾರೆ.

ಎಲ್ಲೋ ಐಸ್‌ನವರು ಯಾರನ್ನೋ ಹಿಡಿಯುವುದು ಕಂಡರೆ ದೂರ ನಿಂತು ವಿಡಿಯೊ ಮಾಡಬಹುದು, ಅದು ಹಕ್ಕು. ಆದರೆ 2026ರ ಜನವರಿಯಲ್ಲಿ ಮಿನಿಯಾಪೊಲಿಸ್‌ನಲ್ಲಿ ಹದಿನೈದಿಪ್ಪತ್ತು ದಿನದ ಅಂತರದಲ್ಲಿ ಇಬ್ಬರು, ಇಬ್ಬರೂ ಅಮೆರಿಕದ ನಾಗರಿಕರೇ, ವಲಸೆ ಏಜೆಂಟರ ಗುಂಡಿಗೆ ಸತ್ತರು. ವೀಸಾದ ಮೇಲೆ ಇರುವವರಿಗೆ ನಾನು ಹೇಳುವುದು: ನಿಮ್ಮ ಹಕ್ಕು ದೊಡ್ಡದೇ, ಆದರೆ ಹತ್ತಿರ ಹೋಗಬೇಡಿ.

ನೀವು ಬರೆದದ್ದು

ಇಲ್ಲಿ ಸಹಿ ವಿದೇಶಾಂಗ ಮಂತ್ರಿಯದ್ದು. 1952ರ ವಲಸೆ ಕಾಯಿದೆಯಲ್ಲೇ ಒಂದು ಕಲಮು ಇದೆ. ಒಬ್ಬ ಪರದೇಶಿ ಇಲ್ಲಿರುವುದರಿಂದ ಅಮೆರಿಕದ ವಿದೇಶಾಂಗ ನೀತಿಗೆ ಗಂಭೀರ ತೊಂದರೆ ಆಗಬಹುದು ಅಂತ ಮಂತ್ರಿಗೆ ಅನ್ನಿಸಿದರೆ ಸಾಕು, ಗಡಿಪಾರು ಮಾಡಬಹುದು. ಅಪರಾಧ ಆಗಿರಲೇಬೇಕು ಅಂತಿಲ್ಲ. 2025ರ ಮಾರ್ಚ್ 8ರಂದು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಗಾಜಾ ಪರ ಪ್ರತಿಭಟನೆಗಳಲ್ಲಿ ಮುಂದೆ ನಿಂತಿದ್ದ ಮಹಮೂದ್ ಖಲೀಲ್ ಅವರನ್ನು ಹಿಡಿದಿದ್ದು ಇದರ ಮೇಲೆ. ಅವರಿಗೆ ಗ್ರೀನ್ ಕಾರ್ಡ್ ಇತ್ತು. ಸರ್ಕಾರ ಕೋರ್ಟಿಗೆ ಕೊಟ್ಟ ಪುರಾವೆ ವಿದೇಶಾಂಗ ಮಂತ್ರಿ ಮಾರ್ಕೊ ರುಬಿಯೊ ಸಹಿಯ ಎರಡು ಪುಟದ ಮೆಮೊ. ಟಫ್ಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ ರುಮೆಯ್ಸಾ ಓಜ್‌ತುರ್ಕ್ ಕಾಲೇಜು ಪತ್ರಿಕೆಗೆ ಇನ್ನು ಮೂವರ ಜೊತೆ ಸೇರಿ ಗಾಜಾ ಬಗ್ಗೆ ಒಂದು ಲೇಖನ ಬರೆದಿದ್ದರು. ಮುಖಕ್ಕೆ ಬಟ್ಟೆ ಕಟ್ಟಿದವರು ರಸ್ತೆಯಲ್ಲಿ ಅವರನ್ನು ಹಿಡಿದು ಲೂಸಿಯಾನಾಕ್ಕೆ ಕಳಿಸಿದರು. ಇಸ್ರೇಲ್ ಬಗ್ಗೆ ಅಮೆರಿಕದ ನಿಲುವು ಬೀದಿಯ ಪೊಲೀಸ್ ಕೆಲಸವಾಗಿದ್ದು ಹೀಗೆ. ಇಬ್ಬರನ್ನೂ ಆಮೇಲೆ ಜಡ್ಜ್‌ಗಳೇ ಬಿಡಿಸಿದರು, ವಾರಗಟ್ಟಲೆ ತಿಂಗಳುಗಟ್ಟಲೆ ಒಳಗಿದ್ದ ಮೇಲೆ.

ಹಾಗಂತ ಬರೆಯಲೇಬೇಡಿ ಅಂತ ನಾನು ಹೇಳುವುದಿಲ್ಲ. ಅದನ್ನು ನೀವೇ ಅಳೆದು ನೋಡಿ. ಆದರೆ ಇಷ್ಟು ತಿಳಿದಿರಲಿ. ವೀಸಾ ಅರ್ಜಿಯಲ್ಲಿ ಐದು ವರ್ಷದ ಸೋಷಿಯಲ್ ಮೀಡಿಯಾ ಖಾತೆಗಳನ್ನು 2019ರಿಂದಲೇ ಕೇಳುತ್ತಾರೆ. ಅಲ್ಲಿ ಖಾತೆ ಮುಚ್ಚಿಟ್ಟರೆ ಅದೇ ದೊಡ್ಡ ತಪ್ಪು. 2025ರ ಜೂನ್‌ನಿಂದ ವಿದ್ಯಾರ್ಥಿ ವೀಸಾದವರು, ಡಿಸೆಂಬರ್ 15ರಿಂದ ಎಚ್-1ಬಿ, ಎಚ್-4ನವರೂ ಖಾತೆಯನ್ನು ಎಲ್ಲರಿಗೂ ಕಾಣುವ ಹಾಗೆ ಇಡಬೇಕು. ಕನ್ನಡದಲ್ಲಿ ಬರೆದರೆ ಯಾರಿಗೆ ತಿಳಿಯುತ್ತದೆ ಅಂದುಕೊಳ್ಳಬೇಡಿ, ನಿಮ್ಮ ಫೋನೇ ಒಂದು ಗುಂಡಿ ಒತ್ತಿದರೆ ಅನುವಾದ ಮಾಡುತ್ತದೆ. ಇಂಟರ್‌ವ್ಯೂ ಹಿಂದಿನ ರಾತ್ರಿ ಹಳೆ ಪೋಸ್ಟ್ ಎಲ್ಲ ಅಳಿಸುವುದು ಬೇಡ, ಅದು ಇನ್ನೂ ಅನುಮಾನ ತರುತ್ತದೆ. ಬೇರೆಯವರ ಮೀಮ್ ಫಾರ್ವರ್ಡ್ ಮಾಡುವ ಚಿಕ್ಕಪ್ಪಂದಿರನ್ನು ಮಾತ್ರ ಸ್ವಲ್ಪ ಮ್ಯೂಟ್ ಮಾಡಿ.

ಗಡಿಯಲ್ಲಿ, ಏರ್‌ಪೋರ್ಟಿನಲ್ಲಿ ಫೋನ್ ಕೇಳುವ ಅಧಿಕಾರ ಅಲ್ಲಿನ ಆಫೀಸರಿಗೆ ಇದೆ. ನಾಗರಿಕರು ಪಾಸ್‌ವರ್ಡ್ ಕೊಡದಿದ್ದರೆ ಆಫೀಸರು ಫೋನ್ ತೆಗೆದಿಟ್ಟುಕೊಳ್ಳಬಹುದು, ಒಳಗೆ ಬಿಡದೆ ಇರುವ ಹಾಗಿಲ್ಲ. ವೀಸಾದವರನ್ನು ವಾಪಸ್ ಕಳಿಸಬಹುದು.

ಅಪ್ಪ ಅಮ್ಮ ಬರುವಾಗ

ಅತಿ ಹೆಚ್ಚು ಕೇಳುವುದು ಇದನ್ನೇ. ಬಿ-2 ಪ್ರವಾಸಿ ವೀಸಾ ಹತ್ತು ವರ್ಷಕ್ಕಿದ್ದರೂ, ಎಷ್ಟು ದಿನ ಇರಬಹುದು ಅನ್ನುವುದನ್ನು ಏರ್‌ಪೋರ್ಟಿನ ಆಫೀಸರು ತೀರ್ಮಾನಿಸುತ್ತಾರೆ. ಸಾಮಾನ್ಯವಾಗಿ ಆರು ತಿಂಗಳು. ಮನೆಗೆ ಬಂದ ದಿನವೇ, ಲಗೇಜ್ ಬಿಚ್ಚುವ ಮೊದಲು, ಐ-94 ಜಾಲತಾಣದಲ್ಲಿ ತಾರೀಕು ನೋಡಿ. ಪಾಸ್‌ಪೋರ್ಟ್ ಮುಗಿಯುವ ದಿನಕ್ಕೆ ಐ-94 ಕತ್ತರಿಸಿಬಿಟ್ಟಿರುತ್ತಾರೆ ಕೆಲವು ಸಲ. ಎಚ್-1ಬಿಯವರಿಗೂ ಹೀಗೇ ಆಗುತ್ತದೆ. ವೀಸಾ ಸ್ಟಾಂಪ್ ನೋಡಿಕೊಂಡು ನಿಶ್ಚಿಂತೆಯಿಂದ ಇದ್ದವರು ಕೊನೆಗೆ ಅವಧಿ ಮೀರಿದವರ ಪಟ್ಟಿಗೆ ಸೇರುತ್ತಾರೆ.

ಬಾಣಂತನಕ್ಕೆ ಬರುವ ಅಮ್ಮಂದಿರ ಕಥೆ ಬೇರೆ. ಆಫೀಸರು ಯಾಕೆ ಬಂದಿರಿ ಅಂದರೆ, ಮಗಳು ಕೆಲಸಕ್ಕೆ ಹೋಗುತ್ತಾಳೆ, ಮಗು ನೋಡಿಕೊಳ್ಳೋಕೆ ಬಂದೆ ಅಂದುಬಿಡುತ್ತಾರೆ. ನಮಗೆ ಅದು ಅಜ್ಜಿಯ ಪ್ರೀತಿ, ಆಫೀಸರಿಗೆ ಅದು ದಾದಿ ಕೆಲಸ, ಅಂದರೆ ಪ್ರವಾಸಿ ವೀಸಾದಲ್ಲಿ ಮಾಡಬಾರದ ಕೆಲಸ. ಸುಳ್ಳು ಕಲಿಸಬೇಡಿ. ಮಗಳನ್ನ, ಮೊಮ್ಮಗುವನ್ನ ನೋಡಿಕೊಂಡು, ನಾಮಕರಣ ಮುಗಿಸಿ, ಇಂಥ ತಾರೀಕಿಗೆ ವಾಪಸ್ ಅಂತ ಇದ್ದದ್ದನ್ನೇ ಹೇಳಲಿ. ವಾಪಸ್ ಟಿಕೆಟ್ ಕಾಗದ ಕೈಯಲ್ಲಿರಲಿ. ಇಂಗ್ಲಿಷ್ ತಡವರಿಸಿದರೆ "ಕನ್ನಡ ಇಂಟರ್‌ಪ್ರಿಟರ್ ಪ್ಲೀಸ್" ಅನ್ನುವ ಮೂರು ಪದ ಬಾಯಿಪಾಠ ಮಾಡಿಸಿ, ಫೋನಿನಲ್ಲಿ ಯಾರನ್ನಾದರೂ ಕರೆಯುತ್ತಾರೆ. ಅರ್ಥವಾಗದ ಪ್ರಶ್ನೆಗೆಲ್ಲ ತಲೆ ಆಡಿಸುವುದು ಮಾತ್ರ ಬೇಡ. ನಮ್ಮ ತಲೆ ಆಡಿಸುವ ರೀತಿ ಅವರಿಗೆ ಹೌದೋ ಅಲ್ಲವೋ ತಿಳಿಯುವುದೂ ಇಲ್ಲ.

ಗ್ರೀನ್ ಕಾರ್ಡ್ ಇರುವ ಅಪ್ಪ ಅಮ್ಮ ಊರಲ್ಲಿ ಜಾಸ್ತಿ ದಿನ ಇದ್ದು ಬಂದರೆ ಐ-407 ಅನ್ನುವ ಫಾರ್ಮ್ ಮುಂದಿಡುತ್ತಾರೆ. ಸಹಿ ಹಾಕಿದರೆ ಗ್ರೀನ್ ಕಾರ್ಡನ್ನು ತಾವಾಗೇ ಬಿಟ್ಟುಕೊಟ್ಟ ಹಾಗೆ. ಹಾಕಬೇಡಿ ಅನ್ನಿ. ಇಮಿಗ್ರೇಷನ್ ಜಡ್ಜ್ ಮುಂದೆ ಹೋಗುವ ಹಕ್ಕು ಇದೆ.

ಯಾರನ್ನಾದರೂ ಹಿಡಿದುಬಿಟ್ಟರೆ

ಮೊದಲ ಕೆಲಸ ಎಲ್ಲಿದ್ದಾರೆ ಅಂತ ಹುಡುಕುವುದು. ಐಸ್‌ನ ಆನ್‌ಲೈನ್ ಲೊಕೇಟರ್‌ನಲ್ಲಿ ಎ-ನಂಬರ್ ಮತ್ತು ಹುಟ್ಟಿದ ದೇಶ ಹಾಕಿದರೆ ಬರುತ್ತದೆ. ಎ-ನಂಬರ್ ಅಂದರೆ ಗ್ರೀನ್ ಕಾರ್ಡ್, ಕೆಲಸದ ಕಾರ್ಡಿನ ಮೇಲೆ "USCIS#" ಅಂತ ಬರೆದಿರುವ ಸಂಖ್ಯೆ. ಇದು ಗಂಡನ ಪರ್ಸಿನಲ್ಲಿ ಮಾತ್ರ ಇದ್ದು, ಹಿಡಿದಿರುವುದು ಗಂಡನನ್ನೇ ಆದರೆ ಏನು ಮಾಡುತ್ತೀರಿ? ಹೆಂಡತಿಯ ಫೋನಿನಲ್ಲೂ ಇರಲಿ. ವಕೀಲರ ನಂಬರ್ ಮಾತ್ರ ಬಾಯಿಪಾಠವೇ ಆಗಬೇಕು, ಫೋನ್ ಕಿತ್ತುಕೊಂಡಿರುತ್ತಾರೆ.

ಬೇಗ ಮಾಡಿ. ನ್ಯೂಅರ್ಕ್‌ನಲ್ಲಿ ಡಿಲೇನಿ ಹಾಲ್ ಅಂತ ದೊಡ್ಡ ಬಂಧನ ಕೇಂದ್ರ ಇದೆ, ಆದರೆ ಅಲ್ಲೇ ಇಟ್ಟುಕೊಳ್ಳುತ್ತಾರೆ ಅಂತ ಹೇಳೋಕಾಗುವುದಿಲ್ಲ. ಲೂಸಿಯಾನಾಕ್ಕೋ ಟೆಕ್ಸಾಸ್‌ಗೋ ಒಯ್ದುಬಿಟ್ಟರೆ ಕೇಸು ನಡೆಯುವ ಕೋರ್ಟೇ ಬದಲಾಗುತ್ತದೆ. 2025ರ ಜುಲೈ 4ರಂದು ಸಹಿಯಾದ ಕಾನೂನಿನಲ್ಲಿ ಐಸ್‌ಗೆ ಸುಮಾರು 7,500 ಕೋಟಿ ಡಾಲರ್ ಸಿಕ್ಕಿದೆ. ಹಾಸಿಗೆಗೂ ವಿಮಾನಕ್ಕೂ ಅವರಿಗೆ ಬರವಿಲ್ಲ. ಇಮಿಗ್ರೇಷನ್ ಕೋರ್ಟಿನಲ್ಲಿ ಸರ್ಕಾರ ವಕೀಲರನ್ನು ಕೊಡುವುದಿಲ್ಲ, ದುಡ್ಡು ನಿಮ್ಮದೇ. ಇವರ ವಕೀಲರು ನಾನೇ ಅಂತ ತಿಳಿಸುವ ಜಿ-28 ಅನ್ನುವ ಫಾರ್ಮ್ ಹಾಕಿದ ಮೇಲೇ ಐಸ್‌ನವರು ವಕೀಲರ ಜೊತೆ ಅಧಿಕೃತವಾಗಿ ಮಾತಾಡುತ್ತಾರೆ, ಆದ್ದರಿಂದ ಸಹಿ ಮಾಡಿದ ಜಿ-28 ಒಂದನ್ನು ಮೊದಲೇ ವಕೀಲರ ಹತ್ತಿರ ಇಡುವವರೂ ಇದ್ದಾರೆ. ಒಳಗಿರುವವರಿಗೆ ಸ್ವಯಂಪ್ರೇರಣೆಯಿಂದ ಹೋಗುತ್ತೇನೆ ಅನ್ನುವ ಕಾಗದ ಕೊಡುತ್ತಾರೆ. ವಕೀಲರು ನೋಡುವ ತನಕ ಏನಕ್ಕೂ ಸಹಿ ಬೇಡ. ಇಷ್ಟೊತ್ತು ಅವರ ಸಹಿ ನೋಡಿ ಅಂದೆ, ಇಲ್ಲಿ ನಿಮ್ಮ ಸಹಿ.

ಭಾರತದ ಕಾನ್ಸುಲೇಟ್‌ಗೆ ತಿಳಿಸುವ ಹಕ್ಕು 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯಲ್ಲಿ ಇದೆ. "ಐ ವಾಂಟ್ ಮೈ ಕಾನ್ಸುಲೇಟ್ ಇನ್ಫಾರ್ಮ್ಡ್" ಅಂತ ಕೇಳಲಿ. ಮನೆಯವರೂ ಮೇಲ್ ಹಾಕಿ. ನ್ಯೂಜೆರ್ಸಿಯವರಿಗೆ ನ್ಯೂಯಾರ್ಕ್ ಕಾನ್ಸುಲೇಟ್. ಪವಾಡ ನಿರೀಕ್ಷಿಸಬೇಡಿ, ಆದರೆ ದಾಖಲೆಯಲ್ಲಿ ಇರುವುದು ಒಳ್ಳೆಯದು. ಮಕ್ಕಳಿದ್ದರೆ ಶಾಲೆಯ ತುರ್ತು ಪಟ್ಟಿಯಲ್ಲಿ ಗಂಡ ಹೆಂಡತಿ ಬಿಟ್ಟು ಮೂರನೆಯವರ ಹೆಸರು ಹಾಕಿಸಿ, ಸಾಧ್ಯವಾದರೆ ಸಿಟಿಜನ್ ಆದವರದ್ದು.

ಊರಿಗೆ ಟಿಕೆಟ್ ಮಾಡುವ ಮೊದಲು

ವೀಸಾ ಸ್ಟಾಂಪ್ ಮುಗಿದಿದ್ದರೆ ಸುಮ್ನೆ ಹೊರಡಬೇಡಿ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆಯಿತು, ಆದರೆ ಅದು ವೀಸಾ ಸೇವೆ ಇಲ್ಲದೆ ಶುರುವಾದದ್ದು. ನಮ್ಮವರು ಚೆನ್ನೈಗೋ ಹೈದರಾಬಾದಿಗೋ ಹೋಗಿಯೇ ರೂಢಿ. ಮೊದಲಾಗಿದ್ದರೆ ಕೆನಡಾ, ಮೆಕ್ಸಿಕೊದಲ್ಲಿ ಸ್ಟಾಂಪ್ ಮಾಡಿಸಬಹುದಿತ್ತು. 2025ರ ಸೆಪ್ಟೆಂಬರ್‌ನಿಂದ ಸ್ವಂತ ದೇಶದಲ್ಲೇ ಅಥವಾ ವಾಸವಿರುವ ದೇಶದಲ್ಲೇ ಆಗಬೇಕು. ಇಂಟರ್‌ವ್ಯೂ ಇಲ್ಲದ ಡ್ರಾಪ್‌ಬಾಕ್ಸ್ ಬಾಗಿಲೂ ಹೆಚ್ಚುಕಡಿಮೆ ಮುಚ್ಚಿತು. ಡಿಸೆಂಬರ್ 15ರ ಸೋಷಿಯಲ್ ಮೀಡಿಯಾ ತಪಾಸಣೆ ಶುರುವಾದಾಗ ಭಾರತದಲ್ಲಿ ಆ ವಾರದ ಅಪಾಯಿಂಟ್‌ಮೆಂಟ್‌ಗಳನ್ನು ತಿಂಗಳುಗಟ್ಟಲೆ ಮುಂದೆ ಹಾಕಿದರು. ಕ್ರಿಸ್‌ಮಸ್ ರಜೆಗೆ ಅಂತ ಹೋದವರು ಅಲ್ಲೇ ಉಳಿದರು. ಕೆಲಸ ಇಲ್ಲಿ, ಮಕ್ಕಳ ಶಾಲೆ ಇಲ್ಲಿ, ಕಾರಿನ ಕಂತು ಇಲ್ಲಿ.

ತೀರಾ ಹೋಗಲೇಬೇಕಾದರೆ, ಯಾರದ್ದೋ ಸಾವು ಕಾಯಿಲೆ ಅಂದರೆ ಯಾರು ತಾನೇ ಬೇಡ ಅಂತಾರೆ, ಹೊರಡುವ ಮೊದಲು ಮ್ಯಾನೇಜರ್ ಹತ್ತಿರ ಭಾರತದಿಂದ ಕೆಲಸ ಮಾಡೋಕೆ ಲಿಖಿತ ಅನುಮತಿ ತೆಗೆದುಕೊಳ್ಳಿ. ಬಾಯಿಮಾತು ಸಾಲದು. ಐ-797 (ಅರ್ಜಿ ಮಂಜೂರಾದ ಪತ್ರ) ಅಸಲು, ಇತ್ತೀಚಿನ ಮೂರು ಪೇ-ಸ್ಲಿಪ್, ಕಂಪನಿಯ ಪತ್ರ ಹ್ಯಾಂಡ್‌ಬ್ಯಾಗಿನಲ್ಲಿ ಇರಲಿ, ಚೆಕ್-ಇನ್ ಸೂಟ್‌ಕೇಸಿನಲ್ಲಿ ಅಲ್ಲ. ಮನೆ ಬಾಡಿಗೆ, ಕರೆಂಟ್ ಬಿಲ್ಲು ಆರು ತಿಂಗಳು ತಾನಾಗೇ ಕಟ್ಟಿಹೋಗುವ ಹಾಗೆ ಮಾಡಿ. ಕಾರಿನ ಬ್ಯಾಟರಿಯ ಒಂದು ತಂತಿ ಕಳಚಿಡಿ.